ತಪ್ಪು ಮಾಲಿಗೆ ಪಿಕ್ಕರ್ ಒಬ್ಬರೇ ಹೊಣೆಯೇ?

ಮಾನ್ಯರೇ,

ಆನ್‌ಲೈನ್‌ನಲ್ಲಿ ತರಿಸಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು ಎಂಬ ದೂರು ಈಗ ಹೊಸದೇನಲ್ಲ. ಬೈಗುಳವೆಲ್ಲ ಹೋಗಿ ಬೀಳುವುದು ಗೋದಾಮಿನಲ್ಲಿ ಮಾಲು ಆರಿಸುವ ಪಿಕ್ಕರ್ ತಲೆಗೆ. ಆದರೆ ಅವರು ರ‍್ಯಾಕ್ ಮುಂದೆ ಬಂದು ನಿಲ್ಲುವ ಮೊದಲೇ ಎಷ್ಟೋ ತಪ್ಪುಗಳು ಆಗಿಹೋಗಿರುತ್ತವೆ.

ಒಂದೇ ಕಂಪನಿಯ, ಒಂದೇ ಬಣ್ಣದ 450 ಮಿ.ಲೀ. ಮತ್ತು 500 ಮಿ.ಲೀ. ಬಾಟಲಿಗಳನ್ನು ಅಕ್ಕಪಕ್ಕದ ಬಿನ್‌ನಲ್ಲಿ, ಅಂದರೆ ಮಾಲಿಡುವ ಖಾನೆಯಲ್ಲಿ, ಇಟ್ಟರೆ, ಅವಸರದಲ್ಲಿರುವವರು ಬಣ್ಣ ನೋಡಿ ಎತ್ತುತ್ತಾರೆಯೇ ಹೊರತು ಅಂಕಿ ಓದಿ ಅಲ್ಲ. ನೋಡಲು ಒಂದೇ ಥರ ಇರುವ ಮಾಲನ್ನು ಬೇರೆ ಬೇರೆ ಸಾಲಿಗೆ ಹಾಕಬೇಕು, ಅಷ್ಟೇ. ಆರಿಸಬೇಕಾದ ಮಾಲಿನ ಪಟ್ಟಿಯಾದ ಪಿಕ್ ಲಿಸ್ಟ್‌ನಲ್ಲಿ ಬರೀ ‘12’ ಎಂದಿದ್ದರೆ ಅದು ಹನ್ನೆರಡು ಪೀಸೋ, ಹನ್ನೆರಡು ಬಾಕ್ಸೋ? ಅಂಕಿಯ ಪಕ್ಕದಲ್ಲೇ ಅಳತೆಯೂ ಅಚ್ಚಾಗಬೇಕು.

ಸ್ಕ್ಯಾನರ್ ಇದ್ದರೆ ತಪ್ಪಾಗದು ಎಂಬುದು ಮ್ಯಾನೇಜರ್‌ಗಳ ಭ್ರಮೆ. ಬಿನ್‌ನ ಲೇಬಲ್ ಮಾತ್ರ ಸ್ಕ್ಯಾನ್ ಮಾಡಿಸಿದರೆ, ರ‍್ಯಾಕ್ ತುಂಬುವವರು ಬೇರೆ ಮಾಲು ಹಾಕಿದ್ದರೂ ಯಂತ್ರ ‘ಸರಿ’ ಎನ್ನುತ್ತದೆ. ಮೊದಲು ಬಿನ್, ಆಮೇಲೆ ವಸ್ತು, ಕೊನೆಗೆ ಎಣಿಕೆ: ಈ ಕ್ರಮ ತಪ್ಪಬಾರದು. ಗಂಟೆಗೆ ಇಷ್ಟು ಎಂಬ ಟಾರ್ಗೆಟ್ ಬಿಗಿಯಾದಂತೆ ಅಡ್ಡದಾರಿಗಳೂ ಹುಟ್ಟುತ್ತವೆ. ಆರು ಪೀಸ್ ಬೇಕಾದ ಕಡೆ ಕೈಯಲ್ಲಿರುವ ಒಂದನ್ನೇ ಆರು ಸಲ ಸ್ಕ್ಯಾನ್ ಮಾಡಿ, ಉಳಿದದ್ದನ್ನು ಅಂದಾಜಿಗೆ ಬಾಚಿ ಟ್ರೇಗೆ ಹಾಕುವುದು ಅವುಗಳಲ್ಲೊಂದು. ಸ್ಕ್ರೀನ್ ಮೇಲೆ ಆರು, ಟ್ರೇಯಲ್ಲಿ ಐದು! ಹತ್ತರ ಬದಲು ಏಳೇ ಸಿಕ್ಕಿದರೆ ‘ಕೊರತೆ’ ಎಂದು ದಾಖಲಿಸಬೇಕು. ಮೇಲೆ ಹೆಚ್ಚುವರಿ ಮಾಲು ಪೇರಿಸಿಟ್ಟ ರಿಸರ್ವ್ ಪ್ಯಾಲೆಟ್‌ನಿಂದ ಹೇಳದೆ ಮೂರು ತೆಗೆದರೆ ಆ ಹೊತ್ತಿಗೆ ಆರ್ಡರ್ ಹೋಗುತ್ತದೆ, ಎರಡು ಕಡೆಯ ಸ್ಟಾಕ್ ಲೆಕ್ಕ ಮಾತ್ರ ಕೆಡುತ್ತದೆ.

ಗಾಯಗಳಿಗೂ ಹೆಚ್ಚುಕಡಿಮೆ ಇದೇ ಕಾರಣ: ಮಾಲು ಇಟ್ಟ ಜಾಗ, ಮತ್ತು ಅವಸರ. ಹೆಚ್ಚು ಓಡುವ ಮಾಲು ಮೊಣಕಾಲು ಮತ್ತು ಭುಜದ ನಡುವಿನ ಎತ್ತರದಲ್ಲಿರಬೇಕು, ಭಾರದ್ದು ಸೊಂಟದ ಮಟ್ಟದಲ್ಲಿ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ‘ನಿಯೋಷ್’ ಸಂಸ್ಥೆಯ ಸೂತ್ರದಂತೆ ಎಲ್ಲ ಅನುಕೂಲವಿದ್ದಾಗಲೂ ಎತ್ತುವ ಭಾರದ ಮಿತಿ 23 ಕೆ.ಜಿ. ಅದೂ ಹೊರೆ ಪಾದದ ಗಂಟಿನ ನೇರದಿಂದ 25 ಸೆಂ.ಮೀ. ಒಳಗೆ, ನೆಲದಿಂದ ಸುಮಾರು 75 ಸೆಂ.ಮೀ. ಮೇಲಿದ್ದು, ಸೊಂಟ ತಿರುಚದೆ ಎತ್ತಿದರೆ. ಅದೇ ಪೆಟ್ಟಿಗೆ ಬಿನ್‌ನ ಹಿಂತುದಿಯಲ್ಲಿದ್ದು ಅದೇ ನೇರದಿಂದ 50 ಸೆಂ.ಮೀ. ದೂರಕ್ಕೆ ಕೈ ಚಾಚಬೇಕಾದರೆ ಮಿತಿ ಅರ್ಧಕ್ಕೆ, ಅಂದರೆ 11.5 ಕೆ.ಜಿ.ಗೆ ಇಳಿಯುತ್ತದೆ. ಗೋಡೆಗೆ ಅಂಟಿಸಿದ ‘ಮಂಡಿ ಬಗ್ಗಿಸಿ ಎತ್ತಿ’ ಪೋಸ್ಟರ್‌ಗಿಂತ ಪೆಟ್ಟಿಗೆಯನ್ನು ಅಂಚಿಗೆ ಎಳೆದಿಡುವುದೇ ಬೆನ್ನಿಗೆ ಹೆಚ್ಚು ಉಪಕಾರಿ.

ರ‍್ಯಾಕ್ ಹತ್ತುವುದು, ಫೋರ್ಕ್‌ಲಿಫ್ಟ್‌ನ ಫೋರ್ಕ್ ಮೇಲೆ ನಿಂತು ಮೇಲೇರುವುದು ಯಾವ ತುರ್ತಿಗೂ ಬೇಡ. ಬ್ರೇಕ್ ಇರುವ ಗಾಲಿ ಏಣಿ ಬಳಸಬೇಕು. ಮಾಲು ಸಾಗಿಸುವ ಕೈಗಾಡಿಯಾದ ಹ್ಯಾಂಡ್ ಪ್ಯಾಲೆಟ್ ಟ್ರಕ್ ಅನ್ನು ಆದಷ್ಟೂ ತಳ್ಳಬೇಕು. ಎಳೆದುಕೊಂಡು ಹೋದರೆ ನಿಂತಾಗ ಹೊರೆ ಬಂದು ಹಿಮ್ಮಡಿಗೆ ಬಡಿಯುತ್ತದೆ. ಹೊರೆ ಕಣ್ಣಿನ ಮಟ್ಟ ಮೀರಬಾರದು, ನಿಲ್ಲಿಸಿದ ಮೇಲೆ ಫೋರ್ಕ್ ನೆಲಕ್ಕಿಳಿದಿರಬೇಕು. ಫೋರ್ಕ್‌ಲಿಫ್ಟ್ ತಗುಲಿ ರ‍್ಯಾಕ್‌ನ ಕಂಬ ಬಾಗಿದ್ದರೆ ಸುತ್ತಿಗೆಯಿಂದ ಹೊಡೆದು ನೇರ ಮಾಡುವ ಸಾಹಸ ಬೇಡ. ಮೊದಲು ಆ ಕಂಬದ ಅಕ್ಕಪಕ್ಕದ ಅಂಕಣಗಳ ಮಾಲು ಇಳಿಸಿ, ಯಾರೂ ಅತ್ತ ಸುಳಿಯದಂತೆ ಟೇಪ್ ಕಟ್ಟಬೇಕು.

ಗಂಟೆಗೆ ಪಿಕ್ ಲಿಸ್ಟ್‌ನ ಎಷ್ಟು ಸಾಲು ಪಿಕ್ ಆಯಿತು ಎಂದು ದೊಡ್ಡ ಬೋರ್ಡ್‌ನಲ್ಲಿ ತೋರಿಸುವ ಗೋದಾಮುಗಳು, ಸಾವಿರ ಸಾಲಿಗೆ ಎಷ್ಟು ತಪ್ಪಾಯಿತು, ಅದರಲ್ಲಿ ಬಿನ್‌ನದೆಷ್ಟು, ಲಿಸ್ಟ್‌ನದೆಷ್ಟು, ಕೈತಪ್ಪು ಎಷ್ಟು ಎಂಬುದನ್ನೂ ಅದೇ ಬೋರ್ಡ್‌ನಲ್ಲಿ ಬರೆಯಲಿ. ಪಿಕ್ಕರ್‌ಗೆ ಮೆಮೊ ಕೊಡುವ ಮೊದಲು ಮೇಲ್ವಿಚಾರಕರು ಆ ಬಿನ್‌ವರೆಗೆ ಒಮ್ಮೆ ನಡೆದು ಬರಲಿ.

– ಓರ್ವ ಗೋದಾಮು ಮೇಲ್ವಿಚಾರಕ