ಕಡವೇ ಇರಲಿಲ್ಲವೆಂದು ಬರೆದ ಮಾನ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ತಿಂಗಳು ತಮ್ಮ ಕಚೇರಿಯಿಂದ ನನಗೆ ಬಂದ ಉತ್ತರದಲ್ಲಿ ಓದಬೇಕಾದ ವಾಕ್ಯ ಒಂದೇ ಇತ್ತು: ಅರ್ಜಿಯಲ್ಲಿ ಹೇಳಿದ ಸ್ಥಳದಲ್ಲಿ ಸಾರ್ವಜನಿಕ ಕಡವು (ದೋಣಿಯಲ್ಲಿ ಹೊಳೆ ದಾಟುವ ಜಾಗ) ಇದ್ದ ಬಗ್ಗೆ ಯಾವುದೇ ದಾಖಲೆ ಲಭ್ಯವಿಲ್ಲ. ಉಳಿದದ್ದು ಕಡತದ ಸಂಖ್ಯೆ, ದಿನಾಂಕ ಮತ್ತು ಮೊಹರು. ಆರು ವರ್ಷಗಳಲ್ಲಿ ಕೊಟ್ಟ ಹನ್ನೊಂದು ಅರ್ಜಿಗಳಿಗೆ ಬಂದ ಮೊದಲ ಉತ್ತರ ಇದಾದ್ದರಿಂದ ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿದೆ. ಓದಿಸಬೇಕಾಯಿತು, ಏಕೆಂದರೆ ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಉತ್ತರ ಮಲಯಾಳದಲ್ಲಿತ್ತು. ಮಲಯಾಳ ನನಗೆ ವ್ಯಾಪಾರಕ್ಕೆ ಬರುತ್ತದೆ, ಜಗಳಕ್ಕೂ ಬರುತ್ತದೆ, ಓದುವುದಕ್ಕೆ ಬರುವುದಿಲ್ಲ. ಈ ಕಾಸರಗೋಡು ಜಿಲ್ಲೆಯ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುವುದು ತಮಗೆ ತಿಳಿಯದ್ದಲ್ಲ. ಆ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಇವತ್ತಿನದು ಕಡವಿನ ಮಾತು.

ತಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಬರೆದರೆ, ತಾವು ವರ್ಗವಾಗಿ ಹೋದ ಮೇಲೆ ಆ ಕುರ್ಚಿಗೆ ಬರುವವರು ಈ ಪತ್ರ ತಮಗಲ್ಲವೆಂದುಕೊಂಡಾರು. ಆರು ವರ್ಷಗಳಲ್ಲಿ ಹಾಗೆ ನಾಲ್ವರು ಅಂದುಕೊಂಡಿದ್ದಾರೆ.

ನಾವು ಕೇಳುವುದು ಇಷ್ಟು: ಮಳೆ ಹಿಡಿಯುವ ಮೊದಲು ಎರಡೂ ದಡದ ಮೆಟ್ಟಿಲುಗಳನ್ನು ಸರಿಪಡಿಸಿ, ಪರವಾನಗಿ ಇರುವ ಒಂದು ದೋಣಿಯನ್ನೂ ಒಬ್ಬ ಅಂಬಿಗನನ್ನೂ ಕೊಡಿ. ಸೇತುವೆ ಕೇಳಿಲ್ಲ, ಜೆಟ್ಟಿಗೆ ಬಣ್ಣದ ದೀಪ ಕೇಳಿಲ್ಲ. ಒಂದು ದೋಣಿ.

ಕುಂಬಳೆ ಸೀಮೆಯ ಈ ಹೊಳೆಬಾಗಿಲಿನಲ್ಲಿ ಕಡವು ಇರಲಿಲ್ಲವೆಂದರೆ ನಮ್ಮ ಊರೇ ಇರಲಿಲ್ಲವೆಂದು ಹೇಳಿದಂತೆ. ಗದ್ದೆ ಇದೆಯೆಂದು ಹುಟ್ಟಿದ ಊರು ಇದಲ್ಲ; ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ದೇವಸ್ಥಾನವಿದೆಯೆಂದು ಬೆಳೆದದ್ದೂ ಅಲ್ಲ. ಇಲ್ಲಿ ಹೊಳೆ ದಾಟಬೇಕಾಗಿತ್ತು, ದಾಟುವವರು ಉಬ್ಬರಕ್ಕಾಗಿ ಕಾಯಬೇಕಾಗಿತ್ತು, ಕಾಯುವವರಿಗೆ ನೆರಳೂ ಗಂಜಿಯೂ ಬೇಕಾಗಿತ್ತು, ಹಾಗೆ ಊರಾಯಿತು. ಕೇರಳದ 44 ಹೊಳೆಗಳಲ್ಲಿ 12 ಈ ಒಂದು ಜಿಲ್ಲೆಯಲ್ಲಿವೆ. ರಸ್ತೆಗೆ ಸೇತುವೆಗಳಿಲ್ಲದ ಕಾಲದಲ್ಲಿ ಮಂಜೇಶ್ವರದಿಂದ ತೆಂಕಕ್ಕೆ ಕಡಲ ಬದಿಯಲ್ಲಿ ನಡೆದು ಹೊರಟವನು ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಆರು ಹೊಳೆಗಳನ್ನು ದಾಟಬೇಕಿತ್ತು. ದೋಣಿಯಿಲ್ಲದೆ ಅವನು ಹೇಗೆ ದಾಟಿದನೆಂದು ತಮ್ಮ ದಾಖಲೆ ಹೇಳುತ್ತದೆಯೋ ತಿಳಿಯದು.

1514ರ ಸುಮಾರಿಗೆ ಈ ಕರಾವಳಿಗೆ ಬಂದ ಪೋರ್ಚುಗೀಸರ ಬಾರ್ಬೊಸ, ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಅಕ್ಕಿ ಒಳನಾಡಿನಿಂದ ಇಂಥ ಹೊಳೆಗಳಲ್ಲೇ ಇಳಿದು ಬಂದಿರಬೇಕು. ಇಕ್ಕೇರಿಯ ನಾಯಕರು ಚಂದ್ರಗಿರಿಯಲ್ಲಿ, ಬೇಕಲದಲ್ಲಿ, ಆರಿಕ್ಕಾಡಿಯಲ್ಲಿ ಕೋಟೆ ಕಟ್ಟಿಸಿದ್ದು ಗಾಳಿ ಸೇವನೆಗಲ್ಲ. ಹೊಳೆಯನ್ನೂ ಕಡಲನ್ನೂ ಕಾಯುವವನಿಗೆ ಸುಂಕವೂ ಸುದ್ದಿಯೂ ಮೊದಲು ಸಿಗುತ್ತಿದ್ದವು. ಆಮೇಲೆ ಬಂದ ಇಂಗ್ಲಿಷರು ಕಡವುಗಳನ್ನು ಲೆಕ್ಕಕ್ಕೆ ತಂದರು. ಮದ್ರಾಸು ಸರ್ಕಾರವು 1890ರಲ್ಲಿ ಕಾಲುವೆ ಮತ್ತು ಸಾರ್ವಜನಿಕ ಕಡವುಗಳಿಗೆಂದೇ ಕಾಯ್ದೆ ಮಾಡಿತು. ತಾವು ಕೂತ ಕುರ್ಚಿಯ ಪೂರ್ವಜರು ಅದನ್ನು ಓದಿದ್ದರು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಸರಕಿನ ಹಾಯಿಹಡಗುಗಳಾದ ಪತ್ತೇಮಾರಿಗಳು ಕಡಿಮೆಯಾದವು, ಬಂದರುಗಳು ಬಡವಾದವು. ಕಡವಿಗೆ ಮಾತ್ರ ಜನ ಹೆಚ್ಚಾದರು, ಏಕೆಂದರೆ ಸ್ಟೇಷನ್ನು ತೆಂಕು ದಡದ ಕಡೆಗೆ ಬಿದ್ದಿತು. ನಾನೇ ಮೂವತ್ತೊಂದು ವರ್ಷ ಬೆಳಗಿನ ಮೊದಲ ದೋಣಿಯಲ್ಲಿ ದಾಟಿ, ಮಂಗಳೂರಿನ ಲೋಕಲ್ ಹಿಡಿದು, ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು, ರಾತ್ರಿ ಕೊನೆಯ ದೋಣಿಯಲ್ಲಿ ಮನೆಗೆ ಬಂದವನು.

ಇನ್ನು ದಾಖಲೆಯ ವಿಷಯ. ನನ್ನ ತಂದೆ ಈ ಕಡವನ್ನು ಹರಾಜಿನಲ್ಲಿ ಹಿಡಿದು ನಡೆಸಿದವರು. ಅವರ ತಗಡಿನ ಪೆಟ್ಟಿಗೆಯಲ್ಲಿ, ಜಾತಕಗಳ ಕೆಳಗೆ, ಹರಾಜಿನ ಹಣ ಕಟ್ಟಿದ ರಶೀದಿಗಳು ದಾರದಲ್ಲಿ ಪೋಣಿಸಿ ಇವೆ. ಅತ್ಯಂತ ಹಳೆಯದು 1953ರದು, ಮದ್ರಾಸು ರಾಜ್ಯದ ಕಾಲದ್ದು. ಕನ್ನಡದಲ್ಲಿದೆ, ಒಂದು ಮೂಲೆಗೆ ಮೀನೆಣ್ಣೆ ತಾಗಿ ಗಾಜಿನಂತೆ ಪಾರದರ್ಶಕವಾಗಿದೆ, ಮೊಹರಿನ ನೇರಳೆ ಬಣ್ಣ ಇನ್ನೂ ಮಾಸಿಲ್ಲ. 1956ರ ನವೆಂಬರ್ 1ರಂದು ನಾವು ಮಲಗಿದ್ದಲ್ಲಿಯೇ ಮಲಗಿದ್ದು ರಾಜ್ಯ ಬದಲಾಯಿತಲ್ಲ, ಅದರ ನಂತರದ ರಶೀದಿಗಳ ಭಾಷೆ ಬದಲಾಗಿದೆ, ಹಣ ತೆಗೆದುಕೊಳ್ಳುವುದು ಬದಲಾಗಿಲ್ಲ. ಅದೇ ಪೆಟ್ಟಿಗೆಯಲ್ಲಿ ದರದ ಹಲಗೆಯೂ ಇದೆ: ಆಳಿಗೆ ಇಷ್ಟು, ತಲೆಹೊರೆಗೆ ಇಷ್ಟು, ಕರುವಿಗೆ ಇಷ್ಟು, ಶಾಲೆಯ ಮಕ್ಕಳಿಗೆ ಮತ್ತು ಹೆಣ ಸಾಗಿಸುವವರಿಗೆ ದರವಿಲ್ಲ. ಸರ್ಕಾರ ವರ್ಷವರ್ಷವೂ ಹರಾಜು ಹಾಕಿ ಹಣ ಎಣಿಸಿಕೊಂಡ ಕಡವು ಇರಲಿಲ್ಲವೆಂದಾದರೆ, ಅಷ್ಟು ವರ್ಷ ನನ್ನ ತಂದೆ ತೆತ್ತದ್ದು ಯಾವುದಕ್ಕೆ? ಹಿಂದಿರುಗಿಸುವ ಯೋಚನೆ ಇದ್ದರೆ ಬಡ್ಡಿಯ ಲೆಕ್ಕವನ್ನು ನಾನೇ ಹಾಕಿಕೊಡುತ್ತೇನೆ; ಅದು ನನ್ನ ಕಸುಬು.

ಸಪ್ತ ಭಾಷೆಗಳ ನಾಡು ಎಂದು ಕಾಸರಗೋಡನ್ನು ವೇದಿಕೆಗಳಲ್ಲಿ ಹೊಗಳುವುದನ್ನು ತಾವು ಕೇಳಿರುತ್ತೀರಿ, ತಾವೂ ಹೊಗಳಿರಬಹುದು. ಆ ಏಳು ಭಾಷೆಗಳು ಒಂದೇ ಹಲಗೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದು ನಮ್ಮ ದೋಣಿಯಲ್ಲಿ. ತುಳುವರು ಓಡ ಎಂದರು, ಮಲಯಾಳಿಗಳು ತೋಣಿ ಎಂದರು, ನಾವು ದೋಣಿ ಎಂದೆವು. ಆಚೆ ದಡದಿಂದ ಕರೆಯುವುದಕ್ಕೆ ಮಾತ್ರ ಎಲ್ಲರದೂ ಒಂದೇ ಭಾಷೆ, ಬಾಯಿಗೆ ಕೈ ಅಡ್ಡ ಹಿಡಿದು ಹಾಕುವ ಕೂ. ಕತ್ತಲಲ್ಲಿ ಆ ಕೂ ಕೇಳಿಯೇ ಬಂದವರು ಯಾರೆಂದು ತಂದೆ ಹೇಳುತ್ತಿದ್ದರು. ಮೀನಿನ ಬುಟ್ಟಿಯ ಮೊಗವೀರ ಹೆಂಗಸರು ದೋಣಿಯ ಹಿಂದಿನ ತುದಿಯಲ್ಲಿ, ಮದುವೆಗೆ ಹೊರಟ ಬ್ಯಾರಿ ಕುಟುಂಬದವರು ಬಿಳಿ ಬಟ್ಟೆಗೆ ನೀರು ಸಿಡಿಯದಂತೆ ನಡುವೆ, ಶಾಲೆಯ ಮಕ್ಕಳು ಬೈಸಿಕೊಳ್ಳುತ್ತ ಅಂಚಿನಲ್ಲಿ. ಕುಂಬಳೆ ಜಾತ್ರೆಯಲ್ಲಿ ಸಿಡಿಮದ್ದು ಹಾರಿಸುವ ಬೆಡಿಯ ದಿನ ಇಡೀ ರಾತ್ರಿ ದೋಣಿ ನಿಲ್ಲುತ್ತಿರಲಿಲ್ಲ. ಯಕ್ಷಗಾನ ಮೇಳದ ಪೆಟ್ಟಿಗೆಗಳನ್ನು ಒಂದು ಸಲ ನಾನು ಹುಡುಗನಾಗಿದ್ದಾಗ ದಾಟಿಸಿದ್ದು ನೆನಪಿದೆ: ಕಿರೀಟದ ಪೆಟ್ಟಿಗೆ ಒದ್ದೆಯಾಗಬಾರದೆಂದು ಅದೊಂದಕ್ಕೇ ಒಂದು ದೋಣಿ, ದೇವೇಂದ್ರನಾಗಬೇಕಿದ್ದ ವೇಷಧಾರಿ ನಿದ್ದೆಗಣ್ಣಿನಲ್ಲಿ ತಂದೆಯ ಗಳೆ ಹಿಡಿದು ನೀರನ್ನು ಒತ್ತುತ್ತಿದ್ದರು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲದಲ್ಲಿ ಹೀಗಾದದ್ದು ಹೆಚ್ಚಲ್ಲ. ತಮ್ಮ ಕಡತಕ್ಕೆ ಇವು ಬೇಕಾಗಿಲ್ಲವೆಂದು ಗೊತ್ತು.

2019ರ ಮಳೆಗಾಲದ ನೆರೆಗೆ ನಮ್ಮ ದಡದ ಕಲ್ಲಿನ ಮೆಟ್ಟಿಲುಗಳಲ್ಲಿ ಅರ್ಧ ಕುಸಿದವು. ಆ ವರ್ಷ ಹರಾಜು ನಡೆಯಲಿಲ್ಲ, ಮರುವರ್ಷ ಕೊರೊನಾ, ಅದರ ಮರುವರ್ಷ ಯಾರೂ ಕೇಳಲಿಲ್ಲವೆಂದು ನಡೆಯಲಿಲ್ಲ. ಕೇಳಿದ ನನ್ನ ಅರ್ಜಿಗಳ ರಶೀದಿಗಳೂ ಈಗ ಅದೇ ಪೆಟ್ಟಿಗೆ ಸೇರಿವೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದಾಗ, ದಾರಿಯಿಲ್ಲದ ರೋಗಿಗಳ ಪಾಡನ್ನು ದೇಶವೇ ನೋಡಿತು. ನಮ್ಮಲ್ಲಿ ಮಣ್ಣು ಸುರಿಯುವ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ, ದೋಣಿಯನ್ನು ಮರೆತರೆ ಸಾಕಾಯಿತು.

ಹೆದ್ದಾರಿಯ ಸೇತುವೆ ಇದೆಯಲ್ಲ ಎಂದು ತಮ್ಮ ಹಿಂದಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಇದೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿಯೂ ಬಂದಿದೆ, ಕಣ್ಣಿಗೆ ಚೆಂದವಾಗಿದೆ. ಆದರೆ ಕಡವಿನಿಂದ ಹೆದ್ದಾರಿಗೆ ರಿಕ್ಷಾ, ಅಲ್ಲಿ ಸರ್ವಿಸ್ ರಸ್ತೆಯಲ್ಲಿ ಬಸ್ಸಿನ ಕಾಯುವಿಕೆ, ಆಚೆ ಇಳಿದು ಅಂಡರ್‌ಪಾಸ್ ಹುಡುಕಿ, ಮತ್ತೊಂದು ರಿಕ್ಷಾದಲ್ಲಿ ತಿರುಗಿ ಕಡಲ ಕಡೆಗೆ. ಎಂಟು ನಿಮಿಷದ ನೀರಿಗೆ ಒಂದೂವರೆ ಗಂಟೆಯ ನೆಲ. ನನ್ನ ಹೆಂಡತಿಗೆ ವಾರಕ್ಕೆ ಎರಡು ಸಲ ತೆಂಕು ದಡದ ಚಿಕಿತ್ಸಾಲಯದಲ್ಲಿ ಕಾಲಿನ ವ್ಯಾಯಾಮ ಮಾಡಿಸಬೇಕು. ಹೋಗಿ ಬರುವ ರಿಕ್ಷಾದ ಬಾಡಿಗೆ ಚಿಕಿತ್ಸೆಯ ಹಣಕ್ಕಿಂತ ಹೆಚ್ಚಾಯಿತು. ಮೂರು ತಿಂಗಳು ಹೋದೆವು, ಆಮೇಲೆ ನಿಲ್ಲಿಸಿದೆವು. ಅವಳು ಈಗ ಕಿಟಕಿಯಿಂದ ಆ ಚಿಕಿತ್ಸಾಲಯದ ಹಂಚಿನ ಮಾಡನ್ನು ನೋಡುತ್ತಾಳೆ. ನಿಜವಾಗಿಯೂ ಕಾಣುತ್ತದೆ ಸ್ವಾಮಿ, ಅಷ್ಟೇ ದೂರ. ಗಟ್ಟಿ ಕಾಲಿರುವವರು, ಅವರಲ್ಲಿ ಶಾಲೆಯ ಮಕ್ಕಳೂ ಸೇರಿ, ರೈಲು ಸೇತುವೆಯ ಸ್ಲೀಪರುಗಳ ಮೇಲೆ ಹೆಜ್ಜೆ ಎಣಿಸುತ್ತ ದಾಟುತ್ತಾರೆ. ಅದು ಅಪರಾಧವೆಂದು ಅವರಿಗೆ ಗೊತ್ತು.

ಈಗ ಆ ತಪಾಸಣೆಯ ಕತೆ. ಹೋದ ವರ್ಷ ಸುಗ್ಗಿ ತಿಂಗಳ ಒಂದು ಮಧ್ಯಾಹ್ನ ತಮ್ಮ ಕಚೇರಿಯ ಮೂವರು ಜೀಪಿನಲ್ಲಿ ಬಂದರು. ನಮ್ಮ ಮೆಟ್ಟಿಲುಗಳನ್ನು ಅಳೆದರು. ತೆಂಕು ದಡದ್ದನ್ನೂ ಅಳೆಯಬೇಕಿತ್ತು. ಜೀಪಿನಲ್ಲಿ ಸುತ್ತಿ ಹೋದರೆ ಊಟಕ್ಕೆ ಹೊತ್ತಾಗುತ್ತದೆಂದು, ಬಲೆ ಒಣಗಿಸುತ್ತಿದ್ದ ನೆರೆಮನೆಯವನನ್ನು ಕರೆದು ದಾಟಿಸಲು ಹೇಳಿದರು. ಹಿರಿಯರೊಬ್ಬರು ಬೂಟು ಕಳಚಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ದಾಟಿದರು, ಅಳೆದರು, ಮರಳಿ ದಾಟಿದರು, ನಮ್ಮ ಅಂಗಳದಲ್ಲಿ ಬೊಂಡ ಕುಡಿದರು, ಹೊಳೆಯ ಗಾಳಿಯನ್ನು ಹೊಗಳಿದರು. ದೋಣಿಯವನಿಗೆ ಬಿಡಿಗಾಸು ಕೊಡಲಿಲ್ಲ. ಅವನೂ ಕೇಳಲಿಲ್ಲ, ದೋಣಿ ಬರುತ್ತದಲ್ಲ ಎಂಬ ಖುಷಿ. ಅವರು ಬರೆದುಕೊಂಡು ಹೋದದ್ದು, ಸ್ಥಳದಲ್ಲಿ ದಾಟುವ ಪ್ರಯಾಣಿಕರ ಬೇಡಿಕೆ ಕಂಡುಬಂದಿಲ್ಲ ಎಂದು. ಹದಿನೈದು ದಿನಗಳ ನಂತರ ನೆರೆಮನೆಯವನಿಗೆ ನೋಟೀಸು ಬಂತು: ಪರವಾನಗಿ ಇಲ್ಲದ ದೋಣಿಯಲ್ಲಿ ಜನರನ್ನು ಸಾಗಿಸಿದ್ದಕ್ಕೆ. ಆ ತಿಂಗಳಿಡೀ ಅವನು ಸಾಗಿಸಿದ್ದ ಜನರು ಆ ಮೂವರೇ.

ಅವನು ನೋಟೀಸನ್ನು ತಂದು ನನ್ನ ಜಗಲಿಯಲ್ಲಿ ಇಟ್ಟಾಗ ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಬೇಡಿಕೆ ಇಲ್ಲದಿದ್ದರೆ ತಮ್ಮವರು ದಾಟಿದ್ದೇಕೆ ಮಾನ್ಯರೇ?

ಸುರಕ್ಷೆಯ ಮಾತನ್ನು ತಾವು ಎತ್ತುವಿರೆಂದು ಗೊತ್ತಿದ್ದೇ ಹೇಳುತ್ತೇನೆ. 2007ರಲ್ಲಿ ತಟ್ಟೇಕಾಡಿನಲ್ಲಿ 15 ಮಕ್ಕಳೂ 3 ಶಿಕ್ಷಕರೂ ಮುಳುಗಿ ಸತ್ತದ್ದನ್ನು, 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ 22 ಜನ ಹೋದದ್ದನ್ನು ಕಡವಿನವರು ತಮಗಿಂತ ಚೆನ್ನಾಗಿ ನೆನಪಿಟ್ಟಿದ್ದೇವೆ. ಅದಕ್ಕಾಗಿಯೇ ಯಾರದೋ ಬಲೆಯ ದೋಣಿ ಬೇಡ, ತಪಾಸಣೆಯಾದ, ಜಾಕೆಟ್ಟುಗಳಿರುವ, ಎಷ್ಟು ಜನವೆಂದು ಬದಿಯಲ್ಲಿ ಬರೆದಿರುವ ದೋಣಿ ಕೊಡಿ ಎಂದು ಕೇಳುವುದು. ಒಳನಾಡು ಹಡಗುಗಳ 2021ರ ಕಾಯ್ದೆಯನ್ನು ತಮಗೆ ನಾನು ಓದಿ ಹೇಳಬೇಕಾಗಿಲ್ಲ. ದೋಣಿಯನ್ನು ನಿಲ್ಲಿಸುವುದು ಸುರಕ್ಷೆಯಾದರೆ, ರೈಲು ಸೇತುವೆಯ ಮೇಲಿನ ಮಕ್ಕಳನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ?

ಆದ್ದರಿಂದ ಮತ್ತೊಮ್ಮೆ: ಮೆಟ್ಟಿಲು, ದೋಣಿ, ಅಂಬಿಗ. ಮಳೆಗಾಲದ ಹೊಸ್ತಿಲಿನ ತುಳುವರ ದಿನವಾದ ಪತ್ತನಾಜೆಗೆ ಮೊದಲು. ಪತ್ತನಾಜೆ ಯಾವಾಗ ಎಂದು ಕಚೇರಿಯಲ್ಲಿ ಯಾರಾದರೂ ಊರಿನವರನ್ನು ಕೇಳಿದರೆ ಹೇಳುತ್ತಾರೆ. ಮೇ ತಿಂಗಳ ಕೊನೆಯ ವಾರ ಬರುತ್ತದೆ, ಆಮೇಲೆ ಹೊಳೆ ನಮ್ಮ ಮಾತು ಕೇಳುವುದಿಲ್ಲ.

ರಶೀದಿಗಳ ನಕಲನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ಮೂಲವನ್ನು ಕೊಡಲಾರೆ, ತಮ್ಮಲ್ಲಿ ದಾಖಲೆಗಳು ಲಭ್ಯವಿಲ್ಲದೆ ಹೋಗುವ ಅಭ್ಯಾಸವಿದೆ. ನೋಡಲೇಬೇಕೆಂದಿದ್ದರೆ ಬನ್ನಿ, ಆದರೆ ದಯವಿಟ್ಟು ತೆಂಕು ದಡದಿಂದ ಬನ್ನಿ. ಉಳಿದಿರುವ ಮೆಟ್ಟಿಲ ಮೇಲೆ ನಿಂತು ಒಂದು ಕೂ ಹಾಕಿ, ನನಗೆ ಕೇಳುತ್ತದೆ. ದೋಣಿ ಬರುವುದಿಲ್ಲ. ಅಲ್ಲಿಂದ ಜೀಪು ಹತ್ತಿ ಸುತ್ತಿಕೊಂಡು ಹೊರಡಿ. ಅಷ್ಟರಲ್ಲಿ ಪೆಟ್ಟಿಗೆ ತೆಗೆದು ಜಗಲಿಯಲ್ಲಿ ಇಟ್ಟಿರುತ್ತೇನೆ.

ತಮ್ಮ ವಿಧೇಯ,
ಕಡವಿನ ಬಡಗು ದಡದ ಒಬ್ಬ ನಿವಾಸಿ