ಶಾಸಕರೇ, ನಮಗೊಂದು ಗಿರಣಿ ಬೇಕು

ಕುಷ್ಟಗಿ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಸಾವಯವ ಕೃಷಿಕ ಎಂದರೆ ಸರ್ಕಾರಕ್ಕೆ ಮೊದಲು ನೆನಪಾಗುವುದು ಸಗಣಿ-ಗಂಜಲದ ಜೀವಾಮೃತದ ಡ್ರಮ್ಮು, ಆಮೇಲೆ ಎರೆಹುಳು ತೊಟ್ಟಿ. ತರಬೇತಿಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಊಟ ಹಾಕಿಸಿ ಕಳಿಸುತ್ತಾರೆ. ಬೇಡ ಎನ್ನುವುದಿಲ್ಲ. ಆದರೆ ಗೊಬ್ಬರ ಮಾಡಲು ನನಗೆ ಬರುತ್ತದೆ, ಹಟ್ಟಿಯಲ್ಲಿ ದನಗಳಿವೆ. ನನ್ನ ತಾಪತ್ರಯ ಶುರುವಾಗುವುದು ರಾಶಿ ಮುಗಿದು ಚೀಲದ ಬಾಯಿ ಹೊಲಿದ ಮೇಲೆ.

ಕಪ್ಪು ಮಣ್ಣಿನ ಎರೆ ಹೊಲದಲ್ಲಿ ತೊಗರಿ, ಕೆಂಪು ಮಣ್ಣಿನ ಮಸಾರಿಯಲ್ಲಿ ಸಜ್ಜೆ ಮತ್ತು ನವಣೆ ಬೆಳೆಯುತ್ತೇನೆ. ಮಾರುಕಟ್ಟೆಯಲ್ಲಿ ಸಾವಯವ ತೊಗರಿಗೆ ಬೇರೆ ಸಾಲಿಲ್ಲ, ಬೇರೆ ಟೆಂಡರ್ ಇಲ್ಲ. ಖರೀದಿದಾರರು ಒಂದು ಮುಷ್ಟಿ ಎತ್ತಿ ತೇವ ನೋಡುತ್ತಾರೆ, ಕಸಕಡ್ಡಿ ನೋಡುತ್ತಾರೆ. ಹೊಲಕ್ಕೆ ಏನು ಸಿಂಪಡಿಸಿದ್ದೆವು ಎಂಬುದು ಅಂಗೈಯಲ್ಲಿ ಕಾಣುವುದಿಲ್ಲವಲ್ಲ. ಬೆಂಬಲ ಬೆಲೆಯ ಕೇಂದ್ರದಲ್ಲೂ ಅಷ್ಟೇ. 2025-26ಕ್ಕೆ ತೊಗರಿಗೆ ನಿಗದಿಯಾದದ್ದು ಕ್ವಿಂಟಲಿಗೆ 8,000 ರೂಪಾಯಿ. ವಿಷ ಹೊಡೆದವರಿಗೂ ಅದೇ, ಹೊಡೆಯದವರಿಗೂ ಅದೇ. ಇದರಲ್ಲಿ ಖರೀದಿದಾರರ ತಪ್ಪು ಹುಡುಕಿ ಪ್ರಯೋಜನವಿಲ್ಲ. ಸಾವಯವಕ್ಕೆ ತಕ್ಕ ಬೆಲೆ ಬೇಕಿದ್ದರೆ ಕಾಳು ಮಾರುವುದನ್ನು ಬಿಟ್ಟು ಬೇಳೆ ಮಾರಬೇಕು, ಅದೂ ಉಣ್ಣುವವರ ಮನೆಗೇ.

ಲೆಕ್ಕ ನೋಡಿ. ನಮ್ಮ ಕಡೆಯ ಸಣ್ಣ ಗಿರಣಿಯಲ್ಲಿ ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸಿಗುವ ಬೇಳೆ 70 ಕೆ.ಜಿ. ಆಸುಪಾಸು, ಉಳಿದದ್ದು ನುಚ್ಚು ಮತ್ತು ಹೊಟ್ಟು. ಕಾಳಿಗೆ ಬೆಂಬಲ ಬೆಲೆಯನ್ನಷ್ಟೇ ಹಿಡಿದರೂ ಒಂದು ಕೆ.ಜಿ. ಬೇಳೆಯ ಮೇಲೆ ಆಗಲೇ 114 ರೂಪಾಯಿ ಕೂತಿರುತ್ತದೆ. ಅದರ ಮೇಲೆ ಒಡೆಸಿದ ಕೂಲಿ, ಪ್ಯಾಕೆಟ್, ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವ ಬಾಡಿಗೆ. ಇಷ್ಟು ಕೊಟ್ಟು ಕೊಳ್ಳುವವರು ಇದ್ದಾರೆ, ನಂಬಿದರೆ ವರ್ಷಗಟ್ಟಲೆ ಬಿಟ್ಟುಹೋಗುವುದಿಲ್ಲ. ಅವರ ನಂಬಿಕೆ ಕೆಡುವುದು ಗಿರಣಿಯಲ್ಲಿ.

ಗಿರಣಿಯಲ್ಲಿ ತೊಗರಿಯನ್ನು ಮೊದಲು ಉಜ್ಜಿ, ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ ರಾಶಿ ಹಾಕುತ್ತಾರೆ. ಆಮೇಲೆ ನೀರು ಚಿಮುಕಿಸಿ, ಬಿಸಿಲಿಗೆ ಹರಡಿ, ಒಣಗಿಸಿ ಒಡೆಯುತ್ತಾರೆ. ಯಾವ ಎಣ್ಣೆ ಎಂದು ಕೇಳಿದೆ. ‘ಎಲ್ಲರಿಗೂ ಹಚ್ಚುವುದೇ’ ಎಂದರು. ನನ್ನ ಕಾಳಿಗೆ ಮುಂಚೆ ಬೇರೆಯವರ ಕಾಳು ಅದೇ ಯಂತ್ರದಲ್ಲಿ ಹಾದಿರುತ್ತದೆ. ಎಲಿವೇಟರಿನ ಬಕೆಟ್ಟಿನಲ್ಲಿ, ಜರಡಿಯ ಮೂಲೆಯಲ್ಲಿ ಉಳಿದದ್ದೆಲ್ಲ ನನ್ನ ಮೊದಲ ಚೀಲಗಳಿಗೆ ಬಂದು ಸೇರುತ್ತದೆ. ಯಂತ್ರ ಪೂರ್ತಿ ಬಿಚ್ಚಿ ಸ್ವಚ್ಛ ಮಾಡಿ ಎಂದು ಹತ್ತು ಚೀಲದ ಗಿರಾಕಿ ಹೇಳಿದರೆ ಯಾರು ಕೇಳುತ್ತಾರೆ? ಅವರಿಗೂ ಹೊಟ್ಟೆಪಾಡು. ಸರದಿ ಬರುವವರೆಗೆ ಚೀಲಗಳು ಗೋದಾಮಿನಲ್ಲಿದ್ದರೆ ಇನ್ನೊಂದು ಕಂಟಕ. ಕುಟ್ಟೆ ಹುಳು ಹಿಡಿಯಬಾರದೆಂದು ತಾಡಪಾಲು ಹೊದಿಸಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದರ ಅನಿಲಕ್ಕೆ ಇದು ಸಾವಯವದ ಚೀಲ, ಅದು ಮಾಮೂಲಿ ಚೀಲ ಎಂಬ ಭೇದ ತಿಳಿಯದು. ವರ್ಷವಿಡೀ ಕಾದು ಬೆಳೆದ ಕಾಳು ಒಂದೇ ರಾತ್ರಿಯಲ್ಲಿ ಸಾವಯವದ ಲೆಕ್ಕದಿಂದ ಹೊರಗೆ.

ಕಾಯ್ದೆಯೂ ಇದನ್ನೇ ಹೇಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ನಿಯಮಗಳಲ್ಲಿ, ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ರೈತ ನೇರವಾಗಿ ಗ್ರಾಹಕರಿಗೆ ಮಾರಿದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಸಾವಯವ ಆಹಾರದ ಗುರುತಾದ ‘ಜೈವಿಕ ಭಾರತ’ ಮುದ್ರೆ ಹಾಕುವಂತಿಲ್ಲ. ಅಂಗಡಿಗೆ ಕೊಡುವುದಾದರೆ ಹೊಲಕ್ಕೆ ಮಾತ್ರ ಪ್ರಮಾಣಪತ್ರ ಇದ್ದರೆ ಸಾಲದು, ಒಡೆಯುವ ಗಿರಣಿಗೂ ಇರಬೇಕು. ರಾಸಾಯನಿಕ ಬಿಟ್ಟು ಪ್ರಮಾಣಪತ್ರ ಕೈಗೆ ಬರುವವರೆಗಿನ ಎರಡು ವರ್ಷ ಇಳುವರಿ ಕಡಿಮೆ, ಬೆಲೆ ಮಾಮೂಲಿ. ಅದನ್ನು ಹಲ್ಲು ಕಚ್ಚಿ ದಾಟಿದವನು ಕೊನೆಗೆ ಗಿರಣಿಯ ಬಾಗಿಲಲ್ಲಿ ಸೋಲುತ್ತಾನೆ.

2015-16ರಲ್ಲಿ ಸಾವಯವ ಕೃಷಿಗೆಂದು ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ ಬಂತು. ಆಗ ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ರೂಪಾಯಿ ನೆರವಿತ್ತು, ಅದರಲ್ಲಿ 31,000 ಗೊಬ್ಬರ-ಬೀಜದಂಥ ಒಳಸುರಿಗೆ. ಅಂದರೆ ಹಣದ ದೊಡ್ಡ ಪಾಲು ಹೊಲದ ಬದುವಿನೊಳಗೇ ಮುಗಿಯಿತು. ಕಿರು ಆಹಾರ ಸಂಸ್ಕರಣೆಯ ಪ್ರಧಾನಮಂತ್ರಿ ಯೋಜನೆಯಲ್ಲಿ ರಾಜ್ಯದ ಪಾಲೂ ಸೇರಿ ಶೇ 50ರಷ್ಟು, 15 ಲಕ್ಷ ರೂಪಾಯಿವರೆಗೆ ಸಹಾಯಧನ ಇಟ್ಟಿದ್ದರು. ನೀವೇ ಒಂದು ಗಿರಣಿ ಹಾಕಿಕೊಳ್ಳಬಾರದೇ ಎಂದು ಅಧಿಕಾರಿಗಳು ಕೇಳುತ್ತಾರೆ. ಹಾಕಬಹುದು. ಆದರೆ ಸಾವಯವ ಕಾಳನ್ನೇ ಒಡೆಯುತ್ತೇನೆ ಎಂದು ಕೂತರೆ ನನ್ನೊಬ್ಬನ ಬೆಳೆಯಿಂದ ಯಂತ್ರ ವರ್ಷಕ್ಕೆ ಕೆಲವೇ ದಿನ ತಿರುಗುತ್ತದೆ, ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ತಿರುಗುತ್ತದೆ. ರೈತ ಉತ್ಪಾದಕ ಸಂಸ್ಥೆಗಳನ್ನು ನೋಡಿ ಎನ್ನುವವರಿದ್ದಾರೆ. ಎಷ್ಟೋ ಸಂಸ್ಥೆಗಳು ಬದುಕಿರುವುದೇ ಯೂರಿಯಾ ಮತ್ತು ಕ್ರಿಮಿನಾಶಕ ಮಾರಿ. ಅವರ ಗೋದಾಮಿನಲ್ಲಿ ನನ್ನ ಚೀಲ ಎಲ್ಲಿಡಲಿ?

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಕುಷ್ಟಗಿಯಲ್ಲಿ ಸಾವಯವ ಬೆಳೆಗೆಂದೇ ಮೀಸಲಾದ ಒಂದು ಸಾಮೂಹಿಕ ಸಂಸ್ಕರಣಾ ಘಟಕ. ಕಾಳು ಸ್ವಚ್ಛಗೊಳಿಸುವ ಮತ್ತು ಕಲ್ಲು ತೆಗೆಯುವ ಯಂತ್ರ, ಒಂದು ದಾಲ್ ಮಿಲ್, ನವಣೆಯ ಹೊಟ್ಟು ತೆಗೆಯುವ ಯಂತ್ರ, ಗುಳಿಗೆ ಇಡದೆ ಗಾಳಿಯಾಡದ ಚೀಲಗಳಲ್ಲಿ ಕಾಳು ಕಾಪಾಡುವ ಗೋದಾಮು. ಸಜ್ಜೆಗೆ ಹಿಟ್ಟಿನ ಗಿರಣಿಯೂ ಇರಲಿ: ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಬೇಡಿಕೆ ಬಂದಂತೆ ಬೀಸಿ ಕಳಿಸಬೇಕಾಗುತ್ತದೆ, ಬೀಸಿಟ್ಟು ಮಾರುವ ಸರಕಲ್ಲ ಅದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಕಾಮಗಾರಿ ಸೂಚಿಸುವವರು ನೀವು. ಸಮುದಾಯ ಭವನಗಳ ಪಟ್ಟಿಯಲ್ಲಿ ಒಂದು ಕಡಿಮೆಯಾದರೆ ಇದು ಆದೀತು.

ಕುಷ್ಟಗಿಯೇ ಏಕೆ ಎಂದರೆ, ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ, ಭತ್ತಕ್ಕೆ ಅಂಟಿಕೊಂಡ ಸಿಂಪರಣೆಯಿದೆ. ಅಲ್ಲಿ ಔಷಧಿ ಬಿಡಿ ಎನ್ನುವುದು ಸುಲಭದ ಮಾತಲ್ಲ. ನಮ್ಮದು ಮಳೆ ನಂಬಿದ ಬೇಸಾಯ. ಸಜ್ಜೆ, ನವಣೆಗೆ ಇಲ್ಲಿ ಹೆಚ್ಚಿನವರು ಔಷಧಿ ಹೊಡೆಯುವುದೇ ಇಲ್ಲ. ಹೊಡೆಯಲು ದುಡ್ಡಿಲ್ಲ ಎಂಬುದೂ ನಿಜವೇ. ದಾಖಲೆ ಇಟ್ಟು, ಗುಂಪಾಗಿ ಸಾವಯವ ಪ್ರಮಾಣಪತ್ರಕ್ಕೆ ಬರಲು ಇವರಿಗೆ ದಾರಿ ದೂರವಿಲ್ಲ. ಬಂದರೆ ಸಿಗುವ ಲಾಭ ಯಾವುದು ಎಂದು ಕೇಳಿದರೆ ಈಗ ನನ್ನ ಬಳಿ ಉತ್ತರವಿಲ್ಲ.

ಒಂದು ಷರತ್ತು ನಮ್ಮ ಕಡೆಯಿಂದಲೂ ಇದೆ. ಕಟ್ಟಡ ಕಟ್ಟಿ, ಕಲ್ಲು ನೆಟ್ಟು, ಬೀಗ ಹಾಕಬೇಡಿ. ಉದ್ಘಾಟನೆಯ ಕಲ್ಲಷ್ಟೇ ಹೊಳೆಯುವ ಕಟ್ಟಡಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ. ಯಂತ್ರ ನಡೆಸಲು ಬಲ್ಲ ಒಬ್ಬ ಕೆಲಸಗಾರ, ತ್ರೀ ಫೇಸ್ ವಿದ್ಯುತ್, ಯಾರ ಕಾಳು ಯಾವಾಗ ಬಂತು ಎಷ್ಟು ಹೋಯಿತು ಎಂದು ಬರೆಯುವ ಒಂದು ಪುಸ್ತಕ, ಘಟಕಕ್ಕೆ ಪ್ರಮಾಣಪತ್ರ. ಇವು ಮೊದಲ ದಿನದಿಂದ ಇರಬೇಕು. ಪುಕ್ಕಟೆ ಬೇಡ, ಕ್ವಿಂಟಲಿಗೆ ಇಷ್ಟು ಎಂದು ಬಾಡಿಗೆ ಕೊಡುತ್ತೇವೆ.

ತೊಗರಿ ರಾಶಿ ಡಿಸೆಂಬರ್ ಕೊನೆಗೆ ಶುರುವಾಗುತ್ತದೆ. ಮಂಡಳಿಗೆ ಕಾಮಗಾರಿಗಳ ಪಟ್ಟಿ ಕಳಿಸುವ ಮುಂಚೆ ನಮಗೆ ಒಂದು ಗಂಟೆ ಕೊಡಿ. ಯಾವ ಯಂತ್ರ, ಎಷ್ಟು ಜಾಗ, ಯಾವ ಊರಿನಿಂದ ಎಷ್ಟು ಕ್ವಿಂಟಲ್ ಬರುತ್ತದೆ ಎಂಬುದನ್ನೆಲ್ಲ ಬರೆದುಕೊಂಡು ಬರುತ್ತೇವೆ.

ಇಂತಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ಸಾವಯವ ಕೃಷಿಕ