ಮಡಚಿದ ಕಿವಿಯ ಬೆಕ್ಕುಗಳ ನೋವು

ಮಾನ್ಯ ಸಂಪಾದಕರೇ,

ಸ್ಕಾಟಿಷ್ ಫೋಲ್ಡ್ ತಳಿಯ ಒಂದು ಜೋಡಿ ಬೆಕ್ಕನ್ನು ಮೂರು ವರ್ಷಗಳ ಹಿಂದೆ ಮಡಿಕೇರಿಯ ನಮ್ಮ ಮನೆಗೆ ತಂದಾಗ, ಎರಡರ ಕಿವಿಯೂ ಮಡಚಿದ್ದರೆ ಮರಿಗಳಿಗೆ ಒಳ್ಳೆಯ ಬೆಲೆ ಬರುತ್ತದೆ ಎಂದು ಮಾರಿದವರು ಹೇಳಿದ್ದರು. ಹುಟ್ಟಿದ ನಾಲ್ಕು ಮರಿಗಳಲ್ಲಿ ಒಂದರ ಬಾಲ ನಾಲ್ಕನೇ ತಿಂಗಳಿಗೇ ಕಡ್ಡಿಯಂತೆ ಬಿಗಿಯಿತು. ಹಿಂಗಾಲುಗಳ ಗಂಟು ದಪ್ಪವಾಗಿ, ಈಗ ಅದು ಜಗಲಿಯ ಒಂದೇ ಮೆಟ್ಟಿಲು ಹತ್ತಲೂ ಹಿಂಜರಿದು ನಿಲ್ಲುತ್ತದೆ. ಆಟಿಯ ಮಳೆಯ ಥಂಡಿಯಲ್ಲಂತೂ ಒಲೆಯ ಬದಿ ಬಿಟ್ಟು ಕದಲುವುದಿಲ್ಲ.

ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಒಂದು ಹೊಲದಮನೆಯಲ್ಲಿ 1961ರಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕೇ ಈ ತಳಿಯ ಮೂಲ. ಕಿವಿಯನ್ನು ಮಡಚುವ ಜೀನ್‌ ದೋಷವೇ ಮೈಯ ಉಳಿದ ಮೃದ್ವಸ್ಥಿಯನ್ನೂ ಕೆಡಿಸುತ್ತದೆ. ಅದು ಟಿಆರ್‌ಪಿವಿ4 ಎಂಬ ಜೀನಿನಲ್ಲಿದೆ ಎಂದು 2016ರಲ್ಲಿ ಪತ್ತೆಯಾಯಿತು. ಮಡಚಿದ ಕಿವಿಯ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದು ಕಾಯಿಲೆ ತೀವ್ರವಾಗುತ್ತದೆ. ನೆಟ್ಟಗಿನ ಕಿವಿಯ ಬೆಕ್ಕಿನೊಡನೆ ಕೂಡಿಸಿದರೂ, ಕಿವಿ ಮಡಚಿದ ಮರಿ ನೋವಿನಿಂದ ಪಾರಾದಂತಲ್ಲ. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆ 1970ರ ದಶಕದಲ್ಲೇ ಈ ತಳಿಯನ್ನು ಕೈಬಿಟ್ಟಿತು.

ನಾವು ಉಳಿದ ಮರಿಗಳನ್ನು ಮಾರಲಿಲ್ಲ. ಎಲ್ಲವಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ನಾಯಿಗಳ ತಳಿವೃದ್ಧಿಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಂತೆ, ಮನೆಯಲ್ಲಿ ಬೆಕ್ಕಿನ ಮರಿ ಮಾಡಿಸಿ ಮಾರುವವರಿಗೂ ಪಶುವೈದ್ಯರ ತಪಾಸಣೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಕೊಡಗಿನ ಬೆಕ್ಕುಪ್ರಿಯರು ಕಿವಿ ಮಡಚಿದ ಮರಿಗಳನ್ನು ಕೊಳ್ಳಬಾರದೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗರೊಬ್ಬರು, ಮಡಿಕೇರಿ